ಗ್ರೀಸಿಗೆ ಗುದ್ದಲಿ ಪೂಜೆ ಇಲ್ಲ

ತುಂಬಿದ ಡ್ಯಾಂಗೆ ಬಾಗಿನ ಬಿಡಲು ಏನೇನು ಬೇಕೆಂಬುದು ನಮ್ಮ ಸರ್ಕಾರಗಳಿಗೆ ಬಾಯಿಪಾಠ. ಜೋಡಿ ಮೊರ, ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ, ಶಾಮಿಯಾನ, ಗೇಟುಗಳಿಗೆ ಬಣ್ಣದ ದೀಪ. ಒಂದೂ ತಪ್ಪುವುದಿಲ್ಲ. ಅದೇ ಗೇಟಿನ ಸರಪಳಿಗೆ ಏನು ಬೇಕು ಎಂದು ಕೇಳಿ ನೋಡಿ, ಫೈಲ್ ಹುಡುಕಿಸಬೇಕಾಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಡ್ಯಾಂನ 19ನೇ ಕ್ರೆಸ್ಟ್ ಗೇಟಿನ, ಅಂದರೆ ಡ್ಯಾಂ ನೆತ್ತಿಯ ಮೇಲಿನ ಗೇಟಿನ, ಸರಪಳಿ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಹೊಳೆಯ ಪಾಲಾಯಿತು. ಬಾಗಿನಕ್ಕೆ ತಯಾರಿ ನಡೆದಿದ್ದ ಹೊತ್ತದು. ಆ ಒಂದೇ ಕಿಂಡಿಯಲ್ಲಿ ನುಗ್ಗಿದ್ದು ಸುಮಾರು 35 ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ), ಅಂದರೆ ಎಂಟು ತಾಸಿಗೊಂದು ಟಿಎಂಸಿ (ನೂರು ಕೋಟಿ ಘನ ಅಡಿ). ಒತ್ತಡ ಇಳಿಸಲೆಂದು ಉಳಿದ ಗೇಟುಗಳನ್ನೂ ಎತ್ತಿ ಲಕ್ಷ ಕ್ಯೂಸೆಕ್ ಬಿಟ್ಟಾಗ ಮೂರು ತಾಸು ತುಂಬುವ ಮೊದಲೇ ಒಂದು ಟಿಎಂಸಿ ಖಾಲಿ. ಗಂಗೆಗೆ ಇಷ್ಟು ದೊಡ್ಡ ಬಾಗಿನ ಯಾವ ಮುಖ್ಯಮಂತ್ರಿಯೂ ಬಿಟ್ಟಿರಲಿಕ್ಕಿಲ್ಲ.

ಸರಪಳಿ ಹಾಗೆಲ್ಲ ಏಕಾಏಕಿ ಹರಿಯುವ ವಸ್ತುವಲ್ಲ, ವರ್ಷಗಟ್ಟಲೆ ಅರ್ಜಿ ಹಾಕಿಕೊಂಡೇ ಹರಿಯುತ್ತದೆ. ಗೇಟಿನ ಎರಡು ಬದಿಗೆ ಎರಡು ಸರಪಳಿ, ಮೇಲೆ ಹಲ್ಲಿನ ಚಕ್ರ, ಆಚೆ ತುದಿಯಲ್ಲಿ ಸಮತೂಕದ ಭಾರ. ಕೊಂಡಿಗಳನ್ನು ಒಂದಕ್ಕೊಂದು ಜೋಡಿಸುವುದು ಪಿನ್ನು. ನೀರು ಏರಿ ಇಳಿಯುವ ಮಟ್ಟದಲ್ಲಿರುವ ಪಿನ್ನು ಒಮ್ಮೆ ನೆನೆಯುತ್ತದೆ, ಒಮ್ಮೆ ಒಣಗುತ್ತದೆ. ತುಕ್ಕು ಹಿಡಿಯುವುದು ಅಲ್ಲೇ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯದೆ ಮೇಲೆ ಮೇಲೆ ಹೊಸದನ್ನು ಮೆತ್ತಿದರೆ ಧೂಳು ಸೇರಿ ಗಟ್ಟಿಯಾಗಿ, ಒಳಗಿನ ಪಿನ್ನಿಗೆ ಎಣ್ಣೆಯಂಶವೇ ತಲುಪುವುದಿಲ್ಲ. ಪಿನ್ನು ತಿರುಗದಿದ್ದರೆ ಚಕ್ರದ ಮೇಲೆ ಕೊಂಡಿ ಮಣಿಯುವುದಿಲ್ಲ, ಬಿರುಕು ಬಿಡುತ್ತದೆ. ಬಿರುಕಿನ ಮೇಲೆ ಚೆಂದದ ಪೇಂಟು. ಪೇಂಟು ಫೋಟೊದಲ್ಲಿ ಬರುತ್ತದೆ, ಪಿನ್ನು ಬರುವುದಿಲ್ಲ. ಒಂದು ಬದಿ ಹರಿದರೆ ಗೇಟು ವಾಲಿ, ಪೂರ್ತಿ ಭಾರ ಇನ್ನೊಂದು ಬದಿಗೆ.

ಕೆಟ್ಟರೆ ರಿಪೇರಿ ಮಾಡಬಹುದಿತ್ತಲ್ಲ ಎನ್ನುವವರಿಗೆ ಉತ್ತರ ಇನ್ನೂ ಸೊಗಸು. ಗೇಟಿನ ಮುಂದೆ ತಾತ್ಕಾಲಿಕವಾಗಿ ಹಲಗೆ ಇಳಿಸಿ ನೀರು ತಡೆಯುವುದಕ್ಕೆ ಸ್ಟಾಪ್‌ಲಾಗ್ ಎನ್ನುತ್ತಾರೆ. 1953ರಲ್ಲಿ ನೀರು ನಿಂತ ಈ ಡ್ಯಾಂನಲ್ಲಿ ಆ ಏರ್ಪಾಡೇ ಇರಲಿಲ್ಲ. ಸಮುದ್ರ ಮಟ್ಟದಿಂದ ಗೇಟುಗಳ ಬುಡ 1,613 ಅಡಿ, ಪೂರ್ಣ ಮಟ್ಟ 1,633 ಅಡಿ. ನೀರು ಬುಡಕ್ಕಿಂತ ಕೆಳಗಿಳಿಯುವವರೆಗೆ ಗೇಟು ಬಿಚ್ಚುವಂತಿಲ್ಲ. ಸಿಗುವುದು ಬೇಸಿಗೆ ಮಾತ್ರ. ಆದರೆ ಬೇಸಿಗೆಯಲ್ಲಿ ನಮ್ಮಲ್ಲಿ ಏಪ್ರಿಲ್ ಒಂದಕ್ಕೆ ಹೊಸ ಬಜೆಟ್ ಹುಟ್ಟುತ್ತದೆ. ಆಮೇಲೆ ಎಸ್ಟಿಮೇಟ್, ತಾಂತ್ರಿಕ ಮಂಜೂರಾತಿ, ಆಡಳಿತ ಮಂಜೂರಾತಿ, ಟೆಂಡರ್, ಒಬ್ಬನೇ ಬಿಡ್‌ದಾರ ಬಂದನೆಂದು ಮರುಟೆಂಡರ್. ವರ್ಕ್ ಆರ್ಡರ್ ಕೈಗೆ ಬರುವ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಹಿಡಿದು ನೀರು ಗೇಟಿಗೆ ತಾಗಿರುತ್ತದೆ. ಮುಂಗಾರು ಮಾರುತಕ್ಕೆ ಆರ್ಥಿಕ ವರ್ಷದ ತಿಳಿವಳಿಕೆ ಇಲ್ಲದ್ದು ಇಲಾಖೆಯ ತಪ್ಪೇ?

ಗೇಟು ಹೋದ ಮೇಲೆ ಮಾತ್ರ ಎಲ್ಲವೂ ಸಲೀಸು. 60 ಅಡಿ ಉದ್ದ, 4 ಅಡಿ ಎತ್ತರದ ಐದು ಉಕ್ಕಿನ ಹಲಗೆಗಳು ತಯಾರಾದವು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ಕ್ಕೆ ಕಿಂಡಿ ಮುಚ್ಚಿದರು. ಏಳು ದಶಕದಲ್ಲಿ ಆಗದ್ದು ಒಂದು ವಾರದಲ್ಲಿ ಆಯಿತು. ಇದನ್ನೇ ಮಾದರಿ ಮಾಡಿಕೊಂಡರೆ ಪ್ರತಿ ವರ್ಷ ಒಂದೊಂದು ಗೇಟು ತೇಲಿಬಿಟ್ಟು 33 ಗೇಟಿನ ಈ ಡ್ಯಾಂ ಅನ್ನು 33 ವರ್ಷದಲ್ಲಿ ಪೂರ್ತಿ ನವೀಕರಿಸಬಹುದು.

ದುಡ್ಡಿನ ಮಾತಿಗೆ ಬಂದರೆ, ಸ್ವಂತ ಕಿಸೆಯಿಂದ ಮಾಡಿದ್ದು ಬರೀ ನಿರ್ವಹಣೆ, ಸಾಲ ತಂದು ಮಾಡಿದರೆ ಯೋಜನೆ. ಅಣೆಕಟ್ಟೆಗಳ ಪುನಶ್ಚೇತನಕ್ಕೆಂದು ವಿಶ್ವಬ್ಯಾಂಕ್ ನೆರವಿನ ‘ಡ್ರಿಪ್’ ಯೋಜನೆಯ ಮೊದಲ ಹಂತ 2012ರಿಂದ 2021ರವರೆಗೆ ನಡೆಯಿತು. ಕರ್ನಾಟಕದ 22 ಡ್ಯಾಂಗಳು ಅದರಲ್ಲಿದ್ದವು. 2020ರಲ್ಲಿ ಮಂಜೂರಾದ ಮುಂದಿನ ಹಂತಗಳು 19 ರಾಜ್ಯ, 736 ಡ್ಯಾಂ, 10,211 ಕೋಟಿ ರೂಪಾಯಿ; ಅದರಲ್ಲಿ 7,000 ಕೋಟಿ ವಿದೇಶಿ ಸಾಲ. ಬೇಡವೆನ್ನುವಂತಿಲ್ಲ, ಕೆಲಸ ಆಗಲೇಬೇಕು. ಆದರೆ ಡಾಲರ್ ಲೆಕ್ಕದಲ್ಲಿ ಬಂದರೇ ಗ್ರೀಸಿಗೂ ಮರ್ಯಾದೆ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಮಳೆಗಾಲಕ್ಕೆ ಮೊದಲೂ ಆಮೇಲೂ ತಪಾಸಣೆ ಮಾಡಿ, ನಿರ್ವಹಣೆಗೆ ಸಾಕಷ್ಟು ಹಣ ಮೀಸಲಿಡಿ ಎನ್ನುತ್ತದೆ. ‘ಸಾಕಷ್ಟು’ ಎಂದರೆ ಎಷ್ಟೆಂದು ತೀರ್ಮಾನಿಸಲು ಇನ್ನೊಂದು ಸಭೆ ಬೇಕು. ತುಂಗಭದ್ರೆಗಂತೂ ಮೂರು ರಾಜ್ಯಗಳ ಮಂಡಳಿ. ನೀರಿನ ಪಾಲು ಕರ್ನಾಟಕಕ್ಕೆ 138.99, ಆಂಧ್ರಕ್ಕೆ 66.50, ತೆಲಂಗಾಣಕ್ಕೆ 6.51 ಟಿಎಂಸಿ ಎಂದು ದಶಾಂಶದವರೆಗೆ ಪಕ್ಕಾ. ಗ್ರೀಸ್ ಡಬ್ಬಿಯಲ್ಲಿ ಯಾರ ಪಾಲೆಷ್ಟು ಎಂದು ಯಾರೂ ಗಲಾಟೆ ಮಾಡಿದ್ದು ಕಾಣೆ.

ಇನ್ನು ಹೂಳು. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಈಗ ಹಿಡಿಯುವುದು 105.79. ಕಳೆದುಹೋದ 27 ಟಿಎಂಸಿ ಅಂದರೆ 76 ಕೋಟಿ ಘನ ಮೀಟರ್ ಮಣ್ಣು. ಹತ್ತು ಘನ ಮೀಟರಿನ ಟಿಪ್ಪರಿನಲ್ಲಿ ದಿನಕ್ಕೆ 10 ಸಾವಿರ ಲೋಡು ಹೊತ್ತರೂ ಮುಗಿಯಲು ಇಪ್ಪತ್ತು ವರ್ಷ ದಾಟುತ್ತದೆ, ಆ ಇಪ್ಪತ್ತು ವರ್ಷದಲ್ಲಿ ಹೊಳೆ ಸುಮ್ಮನೆ ಕೂರುವುದಿಲ್ಲ. ಸುರಿಯುವುದೆಲ್ಲಿ ಎಂಬುದಕ್ಕೆ ಎಸ್ಟಿಮೇಟಿನಲ್ಲಿ ಕಾಲಮ್ಮೇ ಇಲ್ಲ. ಹಾಗಾಗಿ ಹೂಳಿನ ಗೊಡವೆ ಬಿಟ್ಟು, ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಪ್ರಸ್ತಾವ ಓಡಾಡುತ್ತಿದೆ. ಹೊಸ ಡ್ಯಾಂಗಾದರೆ ಶಂಕುಸ್ಥಾಪನೆ ಇರುತ್ತದೆ, ಕಲ್ಲಿನ ಮೇಲೆ ಹೆಸರಿರುತ್ತದೆ.

ಕೊನೆಗೆ 33 ಗೇಟುಗಳನ್ನೂ ಬದಲಿಸುವುದೆಂದಾಯಿತು. 2025ರಲ್ಲಿ ಡ್ಯಾಂನಲ್ಲಿ 80 ಟಿಎಂಸಿಗಿಂತ ಹೆಚ್ಚು ನೀರು ನಿಲ್ಲಿಸಬಾರದೆಂದು ಗೆರೆ ಎಳೆದರು, ಗೇಟು ಕೂರಿಸಲು ಎರಡನೇ ಬೆಳೆಗೆ ನೀರಿಲ್ಲ ಎಂದರು. ಗಂಗಾವತಿ, ಸಿಂಧನೂರು ಕಡೆ ಭತ್ತದವರು ಬೀದಿಗಿಳಿದು ಕೂಗಾಡಿದರು. ಕಾಲುವೆಯ ಕೊನೆ ಭಾಗದ ಮಾನ್ವಿ, ಸಿರವಾರದ ರೈತರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಗೇಟು ಗಟ್ಟಿಯಿದ್ದಾಗಲೂ ಅವರ ತೂಬಿಗೆ ನೀರು ಬರಲು ಧರಣಿ ಕೂರಬೇಕಿತ್ತು.