ಹೊಸ ಹ್ಯಾಮ್ ಕೈಗೆ ಡಿಜಿಟಲ್ ಸೆಟ್ಟೇ ಬರಬೇಕೇ?

ಪರ: ಬಾಲ್ಕನಿಯಲ್ಲಿ ಕೂತವರಿಗೂ ಗಾಳಿಯಲ್ಲಿ ಪಾಲಿದೆ

ಹ್ಯಾಮ್ ಎಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು, ನಾನೂ ಅವರಲ್ಲೊಬ್ಬರು. ರಾಜಾಜಿನಗರದ ಮನೆಯ ತಾರಸಿಯಲ್ಲಿ 26 ವರ್ಷ ನನ್ನ ಡೈಪೋಲ್, ಅಂದರೆ ತಂತಿ ಆಂಟೆನಾ, ಇತ್ತು. ಒಂದು ತುದಿ ನೀರಿನ ಟ್ಯಾಂಕಿನ ಕಂಬಕ್ಕೆ, ಇನ್ನೊಂದು ತುದಿ ಪಕ್ಕದ ಮನೆಯ ತೆಂಗಿನ ಮರಕ್ಕೆ. ಆ ಮನೆ ಮಾರಿ ಯಲಹಂಕದ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಗೆ ಬಂದಾಗ ಅಸೋಸಿಯೇಷನ್‌ನವರು ತಾರಸಿಯ ಕೀಲಿ ಕೊಡಲಿಲ್ಲ. ಬಾಲ್ಕನಿಯಲ್ಲೇ ತಂತಿ ಎಳೆದು ನೋಡಿದೆ. 40 ಮೀಟರ್ ಬ್ಯಾಂಡಿನಲ್ಲಿ ಎಲ್‌ಇಡಿ ದೀಪ, ಇನ್ವರ್ಟರ್, ಲಿಫ್ಟ್ ಎಲ್ಲ ಸೇರಿದ ಗುರುಗುಟ್ಟುವಿಕೆಯೇ ಕೇಳಿಸುತ್ತಿತ್ತು. ಆರು ತಿಂಗಳು ಸೆಟ್ ಬಟ್ಟೆ ಹೊದ್ದು ಕೂತಿತು.

ಮತ್ತೆ ಮಾತು ಶುರುವಾದದ್ದು ದನಿಯನ್ನು ಡಿಜಿಟಲ್ ಮಾಡಿ ಕಳಿಸುವ ಒಂದು ಡಿಎಂಆರ್ ಕೈಸೆಟ್ ಮತ್ತು ಅದನ್ನು ಇಂಟರ್ನೆಟ್ಟಿಗೆ ಜೋಡಿಸುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಾಟ್‌ಸ್ಪಾಟ್‌ನಿಂದ. ಮೊದಲ ರಾತ್ರಿಯೇ ಹತ್ತು ವರ್ಷದಿಂದ ಕೇಳದಿದ್ದ ಮೈಸೂರಿನ ಗೆಳೆಯರ ದನಿ ಬಂತು. "ಏನ್ರೀ, ಬದುಕಿದ್ದೀರಾ?" ಅಂದರು. ನನಗೆ ಉತ್ತರ ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು.

ಹಾಟ್‌ಸ್ಪಾಟ್ ರೇಡಿಯೊನೇ ಅಲ್ಲ, ಅದು ಇಂಟರ್ನೆಟ್ ಎನ್ನುವವರಿದ್ದಾರೆ. ಸರಿ, ಅದನ್ನು ಪಕ್ಕಕ್ಕಿಟ್ಟು ಬರೀ ರೇಡಿಯೊ ಲೆಕ್ಕವನ್ನೇ ನೋಡೋಣ. ಡಿಎಂಆರ್‌ನಲ್ಲಿ 12.5 ಕಿಲೊಹರ್ಟ್ಜ್‌ನ ಒಂದೇ ಚಾನೆಲ್ಲನ್ನು 30 ಮಿಲಿಸೆಕೆಂಡಿನ ತುಂಡುಗಳಾಗಿ ಹಂಚುತ್ತಾರೆ. ಒಂದು ತುಂಡು ನಿಮಗೆ, ಮುಂದಿನದು ಇನ್ನೊಬ್ಬರಿಗೆ. ಬಂದ ದನಿಯನ್ನು ಮತ್ತೆ ದೂರಕ್ಕೆ ಕಳಿಸುವ ಒಂದೇ ರಿಪೀಟರ್, ಒಂದೇ ಆಂಟೆನಾ, ಆದರೆ ಒಟ್ಟಿಗೆ ಎರಡು ಮಾತುಕತೆ. ಎತ್ತರದ ಕಟ್ಟಡದ ಮೇಲೆ ರಿಪೀಟರ್‌ಗೆ ಜಾಗ ಬೇಡಿ ಅಲೆದವರಿಗೆ ಇದರ ಬೆಲೆ ಗೊತ್ತು. ಕೈಸೆಟ್ ಅರ್ಧ ಹೊತ್ತು ಮಾತ್ರ ಟ್ರಾನ್ಸ್‌ಮಿಟ್ ಮಾಡುವುದರಿಂದ ಬ್ಯಾಟರಿಯೂ ಬಾಳುತ್ತದೆ. ಜಪಾನಿನ ಹ್ಯಾಮ್‌ಗಳ ಸಂಘವೇ ಮುಂದೆ ನಿಂತು ರೂಪಿಸಿದ ಇನ್ನೊಂದು ಡಿಜಿಟಲ್ ಪದ್ಧತಿ ಡಿ-ಸ್ಟಾರ್‌ಗೆ 6.25 ಕಿಲೊಹರ್ಟ್ಜ್ ಸಾಕು. ಮಾತಿನ ಜೊತೆ ಮಾತಾಡುವವರ ಗುರುತಿನ ಅಕ್ಷರಗಳಾದ ಕಾಲ್‌ಸೈನ್ ಕೂಡ ತಾನಾಗಿ ಹೋಗುತ್ತದೆ.

ದೂರದ ಮಾತಿಗೆ ಬಳಸುವ ಶಾರ್ಟ್‌ವೇವ್, ಅಂದರೆ ಎಚ್‌ಎಫ್‌ನಲ್ಲೂ ಗಾಳಿ ತಿರುಗಿದೆ. 2024ರಲ್ಲಿ ಮುಕ್ತ ಡಿಜಿಟಲ್ ದನಿಯ ಯೋಜನೆಯಾದ ಫ್ರೀಡಿವಿಯವರು ಯಂತ್ರಕಲಿಕೆ ಬಳಸಿದ ಹೊಸ ಮೋಡ್ ಹೊರತಂದರು. ಎಚ್‌ಎಫ್‌ನಲ್ಲಿ ರೂಢಿಯ ಅನಲಾಗ್ ದನಿಯಾದ ಎಸ್‌ಎಸ್‌ಬಿಗಿಂತ ಕಡಿಮೆ ಜಾಗದಲ್ಲಿ, ಎದುರಿಗೆ ಕೂತು ಮಾತಾಡಿದಂತೆ ಕೇಳುತ್ತದೆ. ಎಸ್‌ಎಸ್‌ಬಿ ಬಂದ ಹೊಸದರಲ್ಲಿ ಅದಕ್ಕೂ ಹಳೆಯ ಎಎಂ ಪದ್ಧತಿಯ ಮಂದಿ ಅದನ್ನು ಬಾತುಕೋಳಿಯ ದನಿ ಎಂದು ಆಡಿಕೊಂಡಿದ್ದರು. ಇವತ್ತು ಅದೇ ಎಸ್‌ಎಸ್‌ಬಿಯನ್ನು "ಅಸಲಿ ದನಿ" ಎನ್ನುತ್ತೇವೆ.

ಈ ಊರಿನ ಮಕ್ಕಳು ಫ್ಲ್ಯಾಟ್‌ಗಳಲ್ಲಿ ಬೆಳೆಯುತ್ತಿದ್ದಾರೆ. ಲೈಸೆನ್ಸ್ ಬಂದ ಹುಡುಗಿಗೆ ಮೊದಲು ತಾರಸಿ ಸಂಪಾದಿಸು, ಆಮೇಲೆ ಮಾತಾಡು ಎಂದರೆ ಅವಳು ಮರುವಾರವೇ ಸೆಟ್ ಮೂಲೆಗಿಡುತ್ತಾಳೆ. ಅವಳ ಕೈಗೆ ಡಿಜಿಟಲ್ ಸೆಟ್ ಕೊಡಿ.

ವಿರೋಧ: ಬಿಚ್ಚಿ ನೋಡಲಾಗದ ದನಿ ಮೊದಲ ಪಾಠವಾಗಬಾರದು

ಆ ಹುಡುಗಿ ನಾನೇ ಇರಬಹುದು. ಮೂರು ವರ್ಷದ ಹಿಂದೆ ವಿಯು3 ಕಾಲ್‌ಸೈನ್ ಬಂತು, ಮೊದಲು ಕೊಂಡದ್ದು ಡಿಎಂಆರ್ ಕೈಸೆಟ್ಟನ್ನೇ. ಅದನ್ನು ಮಾತಾಡುವ ಸ್ಥಿತಿಗೆ ತರಲು ಎರಡು ವಾರಾಂತ್ಯ ಕೋಡ್‌ಪ್ಲಗ್ ಎಂಬ ಸೆಟ್ಟಿಂಗ್‌ಗಳ ಕಡತ ತುಂಬಿದೆ: ಕಲರ್ ಕೋಡ್, ಟೈಮ್‌ಸ್ಲಾಟ್, ಟಾಕ್‌ಗ್ರೂಪ್. ಆಂಟೆನಾ, ತರಂಗಗಳ ಪ್ರಸರಣ, ಸಿಗ್ನಲ್ ಇಲ್ಲದಾಗ ಗದ್ದಲವನ್ನು ಅಡಗಿಸುವ ಸ್ಕ್ವೆಲ್ಚ್ ಬಗ್ಗೆ ಒಂದಕ್ಷರ ಕಲಿಯಲಿಲ್ಲ.

ಕೆಲಸದಲ್ಲಿ ನಾನು ಎಂಬೆಡೆಡ್ ಎಂಜಿನಿಯರ್. ದನಿ ಎಲ್ಲಿ ಬಿಟ್‌ಗಳಾಗುತ್ತದೆ ಎಂದು ಹುಡುಕುತ್ತಾ ಹೋದರೆ ಒಂದು ಗೋಡೆ ಎದುರಾಗುತ್ತದೆ. ಡಿ-ಸ್ಟಾರ್, ಡಿಎಂಆರ್, ಜಪಾನಿನ ಯೇಸು (Yaesu) ಕಂಪನಿಯ ಫ್ಯೂಷನ್ ಮೂರರ ವೊಕೋಡರ್, ಅಂದರೆ ದನಿಯನ್ನು ಬಿಟ್‌ಗಳಾಗಿ ಹಿಂಡುವ ಭಾಗ, ಕೂಡ ಎಎಂಬಿಇ ಮನೆತನದ್ದು, ಅಮೆರಿಕದ ಒಂದೇ ಕಂಪನಿಯ ಸ್ವತ್ತು. ಆದರೂ ಒಂದರ ಸೆಟ್ ಇನ್ನೊಂದರೊಡನೆ ನೇರ ಮಾತಾಡದು. ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಆಯ್ದು ತಂದು ಎಸ್‌ಎಸ್‌ಬಿ ರಿಸೀವರ್ ಕಟ್ಟಿದವರು ಈ ಊರಲ್ಲಿ ಎಷ್ಟೋ ಮಂದಿ. ಮುಚ್ಚಿದ ಚಿಪ್ಪನ್ನು ಯಾರು ಕಟ್ಟುತ್ತಾರೆ? ಕಲಿಯಲಿ ಎಂದೇ ಸರ್ಕಾರ ನಮಗೆ ಈ ತರಂಗಗಳನ್ನು ಬಿಟ್ಟುಕೊಟ್ಟಿರುವಾಗ, ಕಲಿಯಲಾಗದ ವಸ್ತುವನ್ನು ಹೊಸಬರ ಕೈಗಿಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಅಡಚಣೆಯ ಹೊತ್ತಿನ ಮಾತು. ಮೇ ತಿಂಗಳ ಒಂದು ಸಂಜೆ ಆಲಿಕಲ್ಲು ಮಳೆಗೆ ನಮ್ಮ ಬನಶಂಕರಿ ರಸ್ತೆಯಲ್ಲಿ ಮರ ಬಿತ್ತು. ಕರೆಂಟ್ ಹೋಯಿತು, ವೈಫೈ ಹೋಯಿತು, ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಹೋಯಿತು. ಹಾಟ್‌ಸ್ಪಾಟ್ ಪವರ್ ಬ್ಯಾಂಕಿನ ಮೇಲೆ ಕೆಂಪು ದೀಪ ಮಿಟುಕಿಸುತ್ತಾ ಕೂತಿತ್ತು. ಮಲ್ಲೇಶ್ವರದ ಗೆಳತಿಯನ್ನು ಡಿಎಂಆರ್ ಸಿಂಪ್ಲೆಕ್ಸ್‌ನಲ್ಲಿ, ಅಂದರೆ ರಿಪೀಟರ್ ಇಲ್ಲದೆ ಸೆಟ್ಟಿಂದ ಸೆಟ್ಟಿಗೆ ನೇರವಾಗಿ, ಕೂಗಿದೆ. ತಗಡಿನ ಮೇಲೆ ಜಲ್ಲಿ ಸುರಿದಂಥ ಸದ್ದು, ನಡುವೆ ಅರ್ಧ ಪದ, ಆಮೇಲೆ ಮೌನ. ಅನಲಾಗ್ ಎಫ್‌ಎಂಗೆ ತಿರುಗಿಸಿ ಸ್ಕ್ವೆಲ್ಚ್ ಪೂರ್ತಿ ತೆಗೆದೆ. ಹುಸ್ ಎನ್ನುವ ಸದ್ದಿನ ಅಡಿಯಿಂದ ಅವಳ ದನಿ ಬಂತು: "ನೀರು ಮೆಟ್ಟಿಲವರೆಗೂ ಬಂದಿದೆ ಕಣೇ, ಅಜ್ಜೀನ ಮೇಲಕ್ಕೆ ಕರ್ಕೊಂಡ್ ಬಂದ್ವಿ." ಅದೇ ಸೆಟ್, ಅದೇ ಆಂಟೆನಾ. ಡಿಜಿಟಲ್ ಒಂದು ಮಟ್ಟದವರೆಗೆ ಸ್ವಚ್ಛವಾಗಿ ಬಂದು ಅಲ್ಲಿಂದ ಕೆಳಗೆ ಕಡಿದು ಬೀಳುತ್ತದೆ. ಎಫ್‌ಎಂ ಮಸುಕಾಗುತ್ತಾ ಹೋಗುತ್ತದೆ, ಮಸುಕಿನಲ್ಲೂ ಗುರುತಿನವರ ದನಿಯನ್ನು ಕಿವಿ ಹೆಕ್ಕಿಕೊಳ್ಳುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಅವರು ಎಚ್‌ಎಫ್ ಸೆಟ್ಟಿನಿಂದ ಸುದ್ದಿ ದಾಟಿಸಿದ್ದನ್ನು ನಮ್ಮ ಹಿರಿಯ ಹ್ಯಾಮ್‌ಗಳು ಇಂದಿಗೂ ನೆನೆಯುತ್ತಾರೆ. ಅವರ ಕೈಲಿದ್ದದ್ದು ನೆಟ್ ಬೇಡದ ರೇಡಿಯೊ.

ಯಲಹಂಕದ ಹಿರಿಯರ ಬಾಲ್ಕನಿಯ ಕಷ್ಟ ನಿಜ. ಅವರ ದನಿ ಮರಳಿ ಬಂದದ್ದು ನನಗೂ ಸಂತೋಷವೇ. ಆದರೆ ಅವರಿಗೆ 26 ವರ್ಷದ ಡೈಪೋಲ್ ಬೆನ್ನಿಗಿದೆ. ಹೊಸಬರಿಗೆ ಏನಿದೆ?

2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ಹೊತ್ತೊಯ್ದ ಹ್ಯಾಮ್‌ಸ್ಯಾಟ್ ಹ್ಯಾಮ್‌ಗಳಿಗೆಂದೇ ನಮ್ಮ ಇಸ್ರೊದವರೇ ಕಟ್ಟಿದ 42.5 ಕಿಲೊ ತೂಕದ ಉಪಗ್ರಹ. ಅದರ ಲೀನಿಯರ್ ಟ್ರಾನ್ಸ್‌ಪಾಂಡರ್ ಕೆಳಗಿನಿಂದ ಬಂದದ್ದನ್ನು ಯಾವ ಕಂಪನಿಯದು ಎಂದು ಕೇಳದೆ ಹಾಗೇ ಹಿಂದಿರುಗಿಸುತ್ತಿತ್ತು. ಆ ಮುಕ್ತತನ ಡಿಜಿಟಲ್ಲಿಗೂ ಬರಬೇಕು, ಬರುತ್ತಲೂ ಇದೆ. ಆಸ್ಟ್ರೇಲಿಯಾದ ಡೇವಿಡ್ ರೋ ಬರೆದ ವೊಕೋಡರ್ ಕೋಡೆಕ್ 2ರ ಮೂಲ ಕೋಡ್ ಯಾರು ಬೇಕಾದರೂ ಓದಬಹುದು. ಫ್ರೀಡಿವಿ ಬೆಳೆದದ್ದು ಅದರ ಮೇಲೆ, 2019ರಲ್ಲಿ ಪೋಲೆಂಡಿನಲ್ಲಿ ಶುರುವಾದ ಮುಕ್ತ ಡಿಜಿಟಲ್ ಪದ್ಧತಿ ಎಂ17 ಬಳಸುವುದೂ ಅದನ್ನೇ. ಅಲ್ಲಿಯವರೆಗೆ ಹೊಸಬರಿಗೆ ಒಂದು ಸಾಧಾರಣ ಎಫ್‌ಎಂ ಸೆಟ್, ಹತ್ತು ಅಡಿ ತಂತಿ, ಒಂದು ಸಾಲ್ಡರಿಂಗ್ ಐರನ್ ಸಾಕು.

ನನ್ನ ಮೇಜಿನ ಮೇಲೆ ಹಳೆಯ ಡಿಎಂಆರ್ ಕೈಸೆಟ್ ಎಂಡಿ-380 ಒಂದು ಬಿಚ್ಚಿಕೊಂಡು ಮಲಗಿದೆ. ಎಂ17 ಕಲಿಸಲು ಅದರೊಳಗೆ ಕೂದಲೆಳೆಯಂಥ ಎರಡು ತಂತಿ ಬೆಸೆಯಬೇಕು, ಒಂದು ಆಗಿದೆ. ಇನ್ನೊಂದಕ್ಕೆ ಗೆಳತಿ ಭಾನುವಾರ ಭೂತಗನ್ನಡಿ ತರುತ್ತಾಳೆ.