ಸಾಯೋಕೆ ಪಕ್ಕದವನು ಇದ್ದಾನಲ್ಲ!

ಸತ್ತವರನ್ನು ಎಬ್ಬಿಸುವ ಕೆಲಸ ಇಷ್ಟು ದಿನ ದೇವರು ಮತ್ತು ಸೀರಿಯಲ್ ನಿರ್ದೇಶಕರ ಕೈಲಿತ್ತು. 2025ರ ಆಗಸ್ಟ್‌ನಲ್ಲಿ ಕಂಪ್ಯೂಟರೂ ಆ ಸಾಲಿಗೆ ಸೇರಿತು. 2013ರ ಹಿಂದಿ ಸಿನಿಮಾ 'ರಾಂಝಣಾ'ದ ಕೊನೆಗೆ ಧನುಷ್ ಆಸ್ಪತ್ರೆಯಲ್ಲಿ ಸಾಯುತ್ತಾರೆ. ಅದರ ತಮಿಳು ರೂಪ 'ಅಂಬಿಕಾಪತಿ' ಮತ್ತೆ ತೆರೆಗೆ ಬಂದಾಗ ಎಐ ಅವರ ಕಣ್ಣು ತೆರೆಸಿ, ಎಬ್ಬಿಸಿ ಕೂರಿಸಿತು. ಥಿಯೇಟರಿನಲ್ಲಿ ಚಪ್ಪಾಳೆ, ಶಿಳ್ಳೆ. ನಿರ್ದೇಶಕ ಆನಂದ್ ಎಲ್. ರಾಯ್ ಬೇಡವೆಂದು ಗೋಗರೆದರು. ತಾವು ಒಪ್ಪಿಕೊಂಡ ಚಿತ್ರ ಇದಲ್ಲ, ಇದರ ಆತ್ಮವನ್ನೇ ಕಿತ್ತುಹಾಕಿದ್ದಾರೆ ಎಂದರು ಧನುಷ್. ಅಂದರೆ ಸತ್ತವನೇ ಬಂದು 'ನನ್ನ ಪಾಡಿಗೆ ನನ್ನ ಬಿಡ್ರಪ್ಪಾ' ಅಂದರೂ ಬದುಕಿಸಿದವರು ಬಿಡಲಿಲ್ಲ.

ನನಗೆ ಪಾಪ ಅನಿಸಿದ್ದು ಅಭಯ್ ಡಿಯೋಲ್ ಪಾತ್ರದ ಬಗ್ಗೆ. ಅದೇ ಸಿನಿಮಾದಲ್ಲಿ ಅವನೂ ಸಾಯುತ್ತಾನೆ. ಅದೂ ಹೀರೋ ಬಾಯಿ ಬಿಟ್ಟು ಗುಟ್ಟು ರಟ್ಟು ಮಾಡಿದ್ದಕ್ಕೆ. ಅವನನ್ನು ಎಬ್ಬಿಸಿ ಅಂತ ಯಾರೂ ಕೇಳಲಿಲ್ಲ. ಅದೇ ಕಂಪ್ಯೂಟರ್, ಅದೇ ಕರೆಂಟು, ಇನ್ನೊಂದು ಬಟನ್ ಒತ್ತಿದ್ದರೆ ಮುಗೀತಿತ್ತು. ಆದರೆ ಅವನೂ ಎದ್ದು ಕೂತರೆ ನಾಯಕಿ ಯಾರ ಕಡೆ ನೋಡಬೇಕು ಹೇಳಿ?

ನಮ್ಮ ಪ್ರೇಕ್ಷಕರು ಸಾವನ್ನು ರೇಷನ್ ಮಾಡಿದ್ದಾರೆ. ತಂಗಿ ಸಾಯಬಹುದು. ಗೆಳೆಯ ಸಾಯಲೇಬೇಕು. ಪ್ರಾಮಾಣಿಕ ಇನ್‌ಸ್ಪೆಕ್ಟರ್ ಮಗಳ ಹುಟ್ಟುಹಬ್ಬಕ್ಕೆ ಕೇಕ್ ತಗೊಂಡ ಅಂದರೆ ಅವನ ಕಥೆ ಮುಗೀತು. ಗೋಡೌನ್ ಫೈಟಿನಲ್ಲಿ ಹಾರಿ ಬೀಳುವ ರೌಡಿಗಳಿಗೂ ಹೆಂಡತಿ, ಮಕ್ಕಳು, ಬೈಕಿನ ಸಾಲ ಇರಬಹುದು. ಅವರು ಬಿದ್ದಾಗ ಎಲ್ಲರೂ ಪಾಪ್‌ಕಾರ್ನ್ ಜಗಿಯುತ್ತಿರುತ್ತಾರೆ. ಹೀರೋಗೆ ಕೆಮ್ಮು ಬಂದರೆ ಮಾತ್ರ ಥಿಯೇಟರಿನಲ್ಲಿ ಗಲಾಟೆ. ಅಭಿಮಾನಿ ಸಂಘ ಇಲ್ಲದವನಿಗೆ ಆಯುಸ್ಸೂ ಇಲ್ಲ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಂದ್ಕೋಬೇಡಿ. 1893ರಲ್ಲಿ ಲೇಖಕ ಕಾನನ್ ಡಾಯ್ಲ್ ತಮ್ಮ ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದರಲ್ಲಿ ಮುಗಿಸಿದರು. ಸಿಟ್ಟಾದ ಓದುಗರು ಆ ಕಥೆಗಳು ಬರುತ್ತಿದ್ದ ಪತ್ರಿಕೆಯ ಚಂದಾ ನಿಲ್ಲಿಸಿದರು. ಡಾಯ್ಲ್ ಆದಷ್ಟು ದಿನ ತಡೆದು, 1903ರಲ್ಲಿ ಸೋತರು. ಹೋಮ್ಸ್ ಬಿದ್ದೇ ಇರಲಿಲ್ಲವಂತೆ, ಜಪಾನಿ ಕುಸ್ತಿಯ ಪಟ್ಟು ಗೊತ್ತಿತ್ತಂತೆ. ಬಿದ್ದದ್ದು ಅವನ ಶತ್ರು ಪ್ರೊಫೆಸರ್ ಮೊರಿಯಾರ್ಟಿ ಒಬ್ಬನೇ. ಆ ಪ್ರೊಫೆಸರ್‌ಗೋಸ್ಕರ ಚಂದಾ ನಿಲ್ಲಿಸಿದವರು ಯಾರೂ ಇಲ್ಲ.

ಸೀರಿಯಲ್‌ನವರು ಇದರಿಂದ ಕಲಿತ ಪಾಠ ಒಂದೇ: ಹೆಣ ಸಿಗಬಾರದು. 2001ರಲ್ಲಿ ಹಿಂದಿ ಸೀರಿಯಲ್ಲಿನ ಮಿಹಿರ್ ವಿರಾನಿ ಸತ್ತಾಗ ಎಷ್ಟೋ ಮನೆಗಳಲ್ಲಿ ಸೂತಕ. ಜನರ ಗೋಳು ಕೇಳಲಾಗದೆ ಅವನನ್ನು ವಾಪಸ್ ಕರೆಸಿದರು. ಈಗಂತೂ ಸಾಯುವ ಮೊದಲೇ ವಾಪಸ್ ಟಿಕೆಟ್ ಬುಕ್ ಆಗಿರುತ್ತದೆ. ಕಾರು ಪ್ರಪಾತಕ್ಕೆ ಬೀಳುತ್ತದೆ. ವೈಕುಂಠ ಸಮಾರಾಧನೆಯಲ್ಲಿ ಲಾಡು ತಿಂದ ನೆಂಟರೇ ಆರು ತಿಂಗಳಿಗೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಬ್ಯಾಂಡೇಜ್ ಬಿಚ್ಚಿದರೆ ಒಳಗೆ ಬೇರೆ ನಟ. ಹಳಬನಿಗೆ ಸಂಬಳ ಸಾಲಲಿಲ್ಲ, ಅದಕ್ಕೆ ಪ್ಲಾಸ್ಟಿಕ್ ಸರ್ಜರಿ! ಯಾರೂ ಚಕಾರ ಎತ್ತುವುದಿಲ್ಲ.

1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂದಿತ್ತು. ಆಗ ಯಂತ್ರಕ್ಕೆ ಇಷ್ಟು ಬುದ್ಧಿ ಇರಲಿಲ್ಲ, ರಾಜ್‌ಕುಮಾರ್ ಪಾತ್ರ ಬಣ್ಣದಲ್ಲೂ ಸತ್ತಿತು. ಜನ ಬಣ್ಣದಲ್ಲೂ ಅತ್ತು, ಮೂಗು ಒರೆಸಿಕೊಂಡು ಮನೆಗೆ ಹೋದರು. ಈಗ ಆಗಿದ್ದರೆ ಬಿಡ್ತಿದ್ದರಾ? ಮನೆಗೆ ಬಂದ ಅತಿಥಿಯ ಊಟಕ್ಕೋಸ್ಕರ ಹೀರೋ ಕಳೆದುಕೊಂಡ ಪಾರಿವಾಳ ವಾಪಸ್ ಹಾರಿ ಬರುತ್ತಿತ್ತು. ಅತಿಥಿಗೆ ಊಟ ಇಲ್ಲ, ಇರಲಿ, ಆಕೆ ಹೀರೋ ಅಲ್ವಲ್ಲ.

ನಿರ್ಮಾಪಕರಿಗೆ ನನ್ನದೊಂದು ಸಲಹೆ ಇದೆ. 1998ರಲ್ಲಿ ಮಲಯಾಳಂನ 'ಹರಿಕೃಷ್ಣನ್ಸ್' ದಾರಿ ತೋರಿಸಿದೆ. ಕೆಲವು ಪ್ರಿಂಟಿನಲ್ಲಿ ನಾಯಕಿ ಮಮ್ಮೂಟಿಗೆ, ಕೆಲವದರಲ್ಲಿ ಮೋಹನ್‌ಲಾಲ್‌ಗೆ. ಎರಡೂ ಸಂಘಕ್ಕೆ ಸಮಾಧಾನ. ನಾವು ಅದನ್ನೇ ಟಿಕೆಟ್ ಕೌಂಟರಿಗೆ ತರೋಣ. ಗಾಂಧಿಕ್ಲಾಸಿಗೆ ಡೈರೆಕ್ಟರ್ ಬರೆದ ಸಾವು. ಬಾಲ್ಕನಿಗೆ ಹೀರೋ ಎದ್ದು ಕೂರಬೇಕು. ಬಾಕ್ಸ್ ಸೀಟಿನವರಿಗೆ ಹೀರೋ ಎದ್ದು, ಮದುವೆಯಾಗಿ, ಅವಳಿ ಮಕ್ಕಳು. ಗೆಳೆಯನನ್ನೂ ಉಳಿಸಬೇಕು ಅನ್ನುವವರು ಯಾರಾದರೂ ಇದ್ದರೆ ಇಂಟರ್‌ವಲ್ ಒಳಗೆ ಕೌಂಟರಿಗೆ ಬಂದು ಹೇಳಬೇಕು. ಅದಕ್ಕೆ ಜಿಎಸ್‌ಟಿ ಬೇರೆ.