ನಮ್ಮ ಚಿತ್ರಕಾರರಿಗೆ ಕಾವೇರಿಯ ಮೀನು ಏಕೆ ಕಾಣುವುದಿಲ್ಲ?

ಮೈಸೂರಿನಲ್ಲಿ ಮೀನಿನ ಚಿತ್ರಗಳಿಗೆ ಬರವಿಲ್ಲ. ಅಕ್ವೇರಿಯಂ ಅಂಗಡಿಯ ಷಟರ್, ಶಿಶುವಿಹಾರದ ಕಾಂಪೌಂಡು, ಮೀನೂಟದ ಹೋಟೆಲಿನ ಫಲಕ, ಎಲ್ಲೆಲ್ಲೂ ಮೀನುಗಳೇ. ಆದರೆ ನಮ್ಮ ನೀರಿನದು ಒಂದೂ ಇಲ್ಲ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು, ಹವಳದ ದಿಬ್ಬ, ಜೊತೆಗೆ ನಗುವ ಡಾಲ್ಫಿನ್ (ಅದು ಮೀನೇ ಅಲ್ಲ, ಇರಲಿ). ಹವಳ ನೋಡಬೇಕಾದರೆ ಘಟ್ಟ ಇಳಿದು ಕಡಲಿಗೆ ಧುಮುಕಬೇಕು. ಕಾವೇರಿಗೆ ಶ್ರೀರಂಗಪಟ್ಟಣದ ಬಸ್ ಹತ್ತಿದರೆ ಸಾಕು.

ಚಿತ್ರಕಲೆ ಓದುತ್ತಿರುವ ನಮ್ಮಣ್ಣನ ಮಗಳು ಇತ್ತೀಚೆಗೆ ನಗರದ ಅಕ್ವೇರಿಯಂಗಳನ್ನೇ ವಸ್ತುವಾಗಿಟ್ಟುಕೊಂಡು ಕೆಲವು ಕ್ಯಾನ್ವಾಸ್ ಮಾಡಿದ್ದಾಳೆ. ನನಗೆ ಬಹಳ ಹಿಡಿಸಿದವು. ಕಾರಣ, ಅವಳು ಮೀನಿಗಿಂತ ಹೆಚ್ಚು ಶ್ರದ್ಧೆಯಿಂದ ಗಾಜನ್ನು ಬರೆದಿದ್ದಾಳೆ: ಮೂಲೆಯ ಅಂಟಿನ ಮೇಲೆ ಕೂತ ಪಾಚಿ, ಗಾಳಿಯ ಕೊಳವೆಯ ಗುಳ್ಳೆಗಳು, ಮೀನಿನ ಹೊಟ್ಟೆಯನ್ನು ಸೀಳಿದಂತೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬ, ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ನಿಂತ ಅಂಗಡಿಯವನ ನೆರಳು. ಕೊನೆಯ ಕ್ಯಾನ್ವಾಸ್ ಮಾತ್ರ ಕುಕ್ಕರಹಳ್ಳಿ ಕೆರೆಯದು. ಅದರಲ್ಲೂ ಮೀನುಗಳು ಪಕ್ಕದಿಂದಲೇ, ಮೂತಿಯಿಂದ ಬಾಲದವರೆಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

"ಕೆರೆಯ ಮೀನನ್ನು ಹೀಗೆ ಎಲ್ಲಿ ನೋಡಿದೆ ಪುಟ್ಟಿ?" ಎಂದೆ.

"ಮೊಬೈಲಿನಲ್ಲಿ ಚಿಕ್ಕಪ್ಪ" ಎಂದು ನಕ್ಕಳು.

ನನ್ನ ತಕರಾರು ಇರುವುದೇ ಇಲ್ಲಿ. ಸಾರ್ವಜನಿಕರಿಗಾಗಿ ಲಂಡನ್ ಮೃಗಾಲಯದಲ್ಲಿ ಮೊದಲ ಅಕ್ವೇರಿಯಂ ತೆರೆದದ್ದು 1853ರಲ್ಲಿ. ಅದಕ್ಕೂ ಮುಂಚೆ ಯುರೋಪಿನ ಪುಸ್ತಕಗಳಲ್ಲಿ ಮೀನುಗಳು ಹೆಚ್ಚಾಗಿ ದಡದ ಮೇಲೆ ಬಿದ್ದಿರುತ್ತಿದ್ದವು, ಇಲ್ಲವೇ ಅಲೆಯ ಮೇಲೆ ತಲೆ ಎತ್ತಿರುತ್ತಿದ್ದವು. ಈಜುವ ಮೀನನ್ನು ಪಕ್ಕದಿಂದ ನೋಡುವ ರೂಢಿಯನ್ನು ಕಣ್ಣಿಗೆ ಹಿಡಿಸಿದ್ದು ಗಾಜಿನ ತೊಟ್ಟಿ. ನಾವು ನದಿಯ ಮೀನನ್ನು ನೋಡುವುದು ಮೇಲಿನಿಂದ. ಕಾವೇರಿ ದಡದ ರಾಮನಾಥಪುರದ ವಹ್ನಿ ಪುಷ್ಕರಣಿಯಲ್ಲಿ ಪುರಿ ಎರಚಿದವರಿಗೆ ಗೊತ್ತು: ಮೊದಲು ನೀರು ಕದಡುತ್ತದೆ, ಆಮೇಲೆ ಕಪ್ಪು ಬೆನ್ನುಗಳು, ಒಂದರ ಮೇಲೊಂದು ತೆರೆದ ಬಾಯಿಗಳು. ಮಳೆಗಾಲದ ಕೆಂಪು ನೀರಿನಲ್ಲಂತೂ ಒಂದು ಸುಳಿ ಕಂಡರೆ ಹೆಚ್ಚು. ಆ ಕಾಣದಿರುವುದನ್ನು ಬರೆಯುವುದಲ್ಲವೇ ಚಿತ್ರಕಾರನ ಕಸುಬು?

ಇನ್ನು ಮೊಬೈಲ್ ನೋಡಿ ಬರೆದರೆ ಆಗುವ ಅನಾಹುತ ಬೇರೆ. ಡುಬ್ಬದ ಬೆನ್ನು, ಕಿತ್ತಳೆ ಈಜುರೆಕ್ಕೆಯ ಮಶೀರ್ ಮೀನು ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ಯಾವ ಪ್ರಭೇದ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ, ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಮೀನುಬೇಟೆ ಸಾಲದೆಂಬಂತೆ, 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ತಂದು ಇದೇ ನದಿಗೆ ಬಿಟ್ಟರು. ಈಗ ಮೊಬೈಲಿನಲ್ಲಿ ಸಿಕ್ಕ ಚಿತ್ರ ನೋಡಿ ಗೋಡೆಯ ಮೇಲೆ "ಕಾವೇರಿಯ ಮಶೀರ್" ಎಂದು ಬರೆದು ರೆಕ್ಕೆಗೆ ನೀಲಿ ಬಳಿದರೆ, ಒಂದು ಕುಂಚದಲ್ಲಿ ನದಿಯ ಚರಿತ್ರೆಯೇ ತಿರುಚಿಹೋಗುತ್ತದೆ.

ಗಾಜಿನ ತೊಟ್ಟಿಗೂ ಕೆರೆಗೂ ಇನ್ನೊಂದು ಕೊಂಡಿಯಿದೆ, ಅದನ್ನು ಯಾರೂ ಬರೆಯುತ್ತಿಲ್ಲ. ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಗೇಣುದ್ದ ಬೆಳೆದು ತೊಟ್ಟಿಗೆ ಹಿಡಿಯದಾದಾಗ, ಪಾಪ ಸಾಯಿಸುವುದೇಕೆಂದು ಹತ್ತಿರದ ಕೆರೆಗೆ ಬಿಡುತ್ತಾರೆ. ಅದರ ಮೈಯೆಲ್ಲ ಗಟ್ಟಿ ಫಲಕ, ಮುಳ್ಳು. ಅದು ಸಿಕ್ಕಿಕೊಂಡ ಬಲೆಯನ್ನು ಹೊಲಿಯುತ್ತಾ ಕೂರಬೇಕಾದವನು ಮೀನುಗಾರ. ಆ ಬಿಡುಗಡೆಯ ಕ್ಷಣವನ್ನು, ಪ್ಲಾಸ್ಟಿಕ್ ಕವರ್ ಬಿಚ್ಚುವ ಆ ಕರುಣಾಳು ಕೈಯನ್ನು, ದೊಡ್ಡ ಕ್ಯಾನ್ವಾಸಿನಲ್ಲಿ ನೋಡುವ ಆಸೆ ನನಗೆ.

ಕೆಂಪು ನೀರಿನ ಚಿತ್ರವನ್ನು ಯಾರು ಕೊಳ್ಳುತ್ತಾರೆ ಎಂದು ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ, ಬಾಡಿಗೆ ಕಟ್ಟಬೇಕಾದವಳು ಅವಳು. ಆದರೆ ಊರಿನ ಗೋಡೆಗಳಿಗೆ ಬಣ್ಣ ಬಳಿಸುವುದು ನಮ್ಮ ತೆರಿಗೆ ಹಣದಲ್ಲಿ. ಅಲ್ಲಾದರೂ ಬಣ್ಣದ ಡಬ್ಬಿ ತೆರೆಯುವ ಮುನ್ನ ನದಿಯಲ್ಲಿ ಬಲೆ ಬೀಸುವವರನ್ನು ಕರೆಸಿ, ಯಾವ ಮೀನಿಗೆ ಯಾವ ಬಣ್ಣ ಎಂದು ಕೇಳಲಿ. ಆ ದಿನದ ಕೂಲಿಯನ್ನು ಅವರಿಗೂ ಕೊಡಲಿ.